ಬೆಳಕಿಗೆ ಬಾಗಿಲು, ಅಲೆಗೆ ಗೋಡೆ

1888ನೆಯ ಇಸವಿಯಲ್ಲಿ, ಜರ್ಮನಿಯ ಕಾರ್ಲ್ಸ್‌ರೂಹೆ ನಗರದ ತಾಂತ್ರಿಕ ವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಹೈನ್ರಿಕ್ ಹರ್ಟ್ಸ್ ಎಂಬ ಮೂವತ್ತೊಂದು ವರ್ಷದ ತರುಣನು, ಎರಡು ಮೀಟರು ಎತ್ತರವೂ ಎರಡು ಮೀಟರು ಅಗಲವೂ ಇದ್ದ ಎಂಟು ಮೂಲೆಯ ಚೌಕಟ್ಟೊಂದನ್ನು ಮಾಡಿಸಿ, ಅದರ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒಂದು ಮಿಲಿಮೀಟರು ದಪ್ಪದ ತಾಮ್ರದ ತಂತಿಗಳನ್ನು ಮೂರು ಮೂರು ಸೆಂಟಿಮೀಟರುಗಳ ಅಂತರದಲ್ಲಿ, ಮಗ್ಗದ ಹಾಸಿನಂತೆ ಸಮಾಂತರವಾಗಿ ಬಿಗಿಸಿದನು. ತಾನೇ ಉಂಟುಮಾಡಿದ, 66 ಸೆಂಟಿಮೀಟರು ತರಂಗದೂರದ ವಿದ್ಯುತ್ಕಾಂತ ಅಲೆಗಳ ದಾರಿಗೆ ಆ ಚೌಕಟ್ಟನ್ನು ಅಡ್ಡಲಾಗಿ ನಿಲ್ಲಿಸಿದಾಗ, ತಂತಿಗಳು ಅಲೆಯ ಆಂದೋಲನಕ್ಕೆ ಲಂಬವಾಗಿದ್ದರೆ ಅಲೆಯು ಏನೂ ಅಡ್ಡವಿಲ್ಲವೆಂಬಂತೆ ದಾಟಿಹೋಯಿತು. ಚೌಕಟ್ಟನ್ನು ಕಾಲು ಸುತ್ತು ಹೊರಳಿಸಿ ತಂತಿಗಳನ್ನು ಆಂದೋಲನಕ್ಕೆ ಸಮಾಂತರವಾಗಿಸಿದೊಡನೆ, ಇಡಿಯ ತಗಡೊಂದಕ್ಕೆ ತಾಗಿದಂತೆ ಅದು ಹಿಂದಕ್ಕೆ ಮರಳಿತು. ತಂತಿಗಳ ನಡುವಿನ ಮೂರು ಬೆರಳಿನಷ್ಟು ತೆರಪಿನಲ್ಲಿ ಹರ್ಟ್ಸನ ಕಣ್ಣಿಗೆ ಕೊಠಡಿಯ ಆಚೆಯ ಗೋಡೆ ಎಂದಿನಂತೆ ಕಾಣುತ್ತಿದ್ದಿರಬೇಕು. ಅಲೆಗೆ ಮಾತ್ರ ಆ ತೆರಪು ಇಲ್ಲವೇ ಇಲ್ಲ. ಕಣ್ಣಿಗೆ ಬಾಗಿಲಾಗಿದ್ದುದು ಅಲೆಗೆ ಗೋಡೆಯಾಗಿದ್ದಿತು.

ಈ ಚೌಕಟ್ಟನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ನಾನು ಹೇಳಹೊರಟಿರುವುದು ಕಣ್ಣಿಗೆ ಕಾಣದ, ಕಾಗದದಂತೆ ಬಾಗುವ, ಆದರೂ ಅಲೆಯನ್ನು ಹಿಡಿದು ಮಾತಾಡಿಸಬಲ್ಲ ಆಂಟೆನಾಗಳಿಗಾಗಿ ನಡೆದ ಒಂದು ದೀರ್ಘ ಅನ್ವೇಷಣೆಯ ಕಥೆಯನ್ನು. ಆ ಅನ್ವೇಷಣೆ ನೂರು ವರ್ಷಕ್ಕೂ ಮಿಗಿಲಾಗಿ ಬೇರೆ ಬೇರೆ ದಾರಿಗಳಲ್ಲಿ ಅಲೆದು, ಕಡೆಗೆ ಈ ಚೌಕಟ್ಟಿನ ಬಳಿಗೇ ಹಿಂದಿರುಗಿತು.

ಲೋಹಕ್ಕೂ ಬೆಳಕಿಗೂ ಹಳೆಯ ವೈರ. ಲೋಹವು ವಿದ್ಯುತ್ತನ್ನು ಹರಿಯಿಸುವುದು ಅದರೊಳಗೆ ಯಾವ ಪರಮಾಣುವಿಗೂ ಕಟ್ಟುಬೀಳದೆ ಸಂಚರಿಸುವ ಎಲೆಕ್ಟ್ರಾನುಗಳ ಬಲದಿಂದ. ಬೆಳಕು ಬಂದು ತಾಗಿದಾಗ ಅದರ ತಾಳಕ್ಕೆ ತಾವೂ ತೂಗಿ, ಅದನ್ನು ಬಂದ ದಾರಿಯಲ್ಲೇ ತಿರುಗಿಸಿ ಕಳುಹುವುವೂ ಅದೇ ಎಲೆಕ್ಟ್ರಾನುಗಳು. ಆದುದರಿಂದ ಯಾವ ಗುಣದಿಂದ ಪದಾರ್ಥವು ವಾಹಕವಾಗುವುದೋ ಅದೇ ಗುಣದಿಂದ ಅದು ಅಪಾರದರ್ಶಕವೂ ಆಗುತ್ತದೆ. ಹರ್ಟ್ಸನು ಹುಟ್ಟಿದ ತಿಂಗಳಿನಲ್ಲಿಯೇ, ಅಂದರೆ 1857ರ ಫೆಬ್ರವರಿಯಲ್ಲಿ, ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಮೈಕೆಲ್ ಫ್ಯಾರಡೆಯು ಚಿನ್ನಕ್ಕೂ ಬೆಳಕಿಗೂ ಇರುವ ಸಂಬಂಧವನ್ನು ಕುರಿತು ಉಪನ್ಯಾಸ ಮಾಡಿದನು. ನಮ್ಮ ಮೈಸೂರಿನ ಚಿತ್ರಕಾರರು ದೇವತೆಗಳ ಕಿರೀಟಕ್ಕೆ ಹಚ್ಚುವಂತಹ ಚಿನ್ನದ ರೇಕನ್ನೇ ಅವನು ಗಾಜಿನ ಮೇಲೆ ಹರಡಿ, ದ್ರಾವಣಗಳಿಂದ ಇನ್ನಷ್ಟು ತೆಳುವಾಗಿಸಿ, ಬೆಳಕಿಗೆ ಹಿಡಿದು ನೋಡಿದ್ದನು. ಹೊರಗಿನಿಂದ ಹಳದಿಯಾಗಿ ಹೊಳೆಯುವ ಚಿನ್ನ, ತನ್ನೊಳಗಿನಿಂದ ಹಾದುಬಂದ ಬೆಳಕಿಗೆ ಹಸುರು ಬಣ್ಣವನ್ನು ಕೊಟ್ಟಿತ್ತು. ಲೋಹವೂ ಪಾರದರ್ಶಕವಾಗಬಲ್ಲುದೆಂಬುದಕ್ಕೆ ಅದು ಸಾಕ್ಷಿ. ಆದರೆ ಆ ಪಾರದರ್ಶಕತೆಗಾಗಿ ಪದರವನ್ನು ಮತ್ತೂ ಮತ್ತೂ ತೆಳುವಾಗಿಸುತ್ತ ಹೋದರೆ, ಒಂದು ಹಂತದಲ್ಲಿ ಅದು ಒಡೆದು ಚೂರು ಚೂರು ದ್ವೀಪಗಳಾಗಿ, ವಿದ್ಯುತ್ತಿಗೆ ನಡೆಯಲು ದಾರಿಯೇ ಇಲ್ಲದಂತಾಗುತ್ತದೆ. ಬೆಳಕನ್ನು ಗೆದ್ದವನು ವಿದ್ಯುತ್ತನ್ನು ಸೋಲಬೇಕಾಗಿತ್ತು.

ಈ ವೈರವನ್ನು ಮೊದಲು ಮುರಿದವನು ಕಾರ್ಲ್ ಬೇಡೆಕರ್. ಯೂರೋಪಿನ ಪ್ರವಾಸಿಗಳೆಲ್ಲರ ಕೈಯಲ್ಲಿರುತ್ತಿದ್ದ ಕೆಂಪು ರಟ್ಟಿನ ಮಾರ್ಗದರ್ಶಿಗಳನ್ನು ಪ್ರಕಟಿಸಿ ಹೆಸರಾಂತ ಮನೆತನದ ಕುಡಿ ಅವನು. ಅಜ್ಜನ ಹೆಸರನ್ನೇ ಹೊತ್ತ ಮೊಮ್ಮಗ. ಮನೆಯ ವ್ಯಾಪಾರವನ್ನು ಬಿಟ್ಟು ಭೌತಶಾಸ್ತ್ರವನ್ನು ಹಿಡಿದ ಆತನು, 1907ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ, ಗಾಜಿನ ಮೇಲೆ ಕ್ಯಾಡ್ಮಿಯಮ್ ಲೋಹದ ತೆಳುಪದರವನ್ನು ಕೂಡಿಸಿ ಗಾಳಿಯಲ್ಲಿ ಕಾಯಿಸಿದರೆ, ಲೋಹವು ಆಕ್ಸೈಡಾಗಿ ಮಾರ್ಪಟ್ಟು, ಕಣ್ಣಿಗೆ ಪಾರದರ್ಶಕವಾಗಿದ್ದರೂ ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುತ್ತದೆಂದು ವರದಿಮಾಡಿದನು. ಲೋಹ ಸುಟ್ಟು ಭಸ್ಮವಾದ ಮೇಲೆ ಅದರ ವಾಹಕತೆಯೂ ಸತ್ತಿತೆಂದೇ ಯಾರಾದರೂ ಭಾವಿಸುತ್ತಿದ್ದರು. ಇಲ್ಲಿ ಭಸ್ಮದಲ್ಲಿ ಜೀವವಿದ್ದಿತು. ಅನಂತರ ಯೇನಾ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾದ ಅವನು, ತಾಮ್ರದ ಅಯೊಡೈಡಿನ ಪದರಗಳನ್ನು ಅಯೊಡಿನ್ನಿನ ಆವಿಗೆ ಒಡ್ಡಿ, ಆ ಆವಿಯ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡಿದಂತೆಲ್ಲ ಪದರದ ವಾಹಕತೆಯೂ ಏರಿಳಿಯುವುದನ್ನು ಕಂಡುಕೊಂಡನು. ಅರೆವಾಹಕಕ್ಕೆ ಅನ್ಯ ಪರಮಾಣುಗಳನ್ನು ಅಳೆದು ಬೆರೆಸಿ ಅದರ ಗುಣವನ್ನು ಬೇಕಾದಂತೆ ತಿದ್ದುವ ವಿದ್ಯೆಯ, ಇಂದಿನ ಇಲೆಕ್ಟ್ರಾನಿಕ್ ಲೋಕವೆಲ್ಲ ನಿಂತಿರುವ ವಿದ್ಯೆಯ, ಮೊದಲ ಪಾಠವದು. ಘನಪದಾರ್ಥಗಳೊಳಗೆ ಎಲೆಕ್ಟ್ರಾನುಗಳ ವರ್ತನೆಯನ್ನು ವಿವರಿಸುವ ಅಲನ್ ವಿಲ್ಸನ್ನನ ಸಿದ್ಧಾಂತ ಬರುವುದಕ್ಕೆ ಇನ್ನೂ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲವಿದ್ದಿತು. ತಾನು ಕಂಡುದಕ್ಕೆ ಕಾರಣವನ್ನು ಹೇಳಬಲ್ಲ ಭಾಷೆಯೇ ಬೇಡೆಕರನ ಕಾಲದಲ್ಲಿ ಹುಟ್ಟಿರಲಿಲ್ಲ. ಅದಕ್ಕಾಗಿ ಕಾಯುವ ಭಾಗ್ಯವೂ ಅವನದಾಗಲಿಲ್ಲ. 1914ರ ಆಗಸ್ಟಿನಲ್ಲಿ, ಮಹಾಯುದ್ಧವು ಆರಂಭವಾದ ಮೊದಲ ವಾರದಲ್ಲಿಯೇ, ಬೆಲ್ಜಿಯಮ್ಮಿನ ಲಿಯೆಜ್ ಕೋಟೆಯ ಬಳಿ ಮೂವತ್ತೇಳನೆಯ ವಯಸ್ಸಿನಲ್ಲಿ ಅವನು ಮಡಿದನು. ವಿಜ್ಞಾನದ ಚರಿತ್ರೆಯಲ್ಲಿ ಇವನಿಗೆ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲವೆಂಬುದು ನನ್ನ ಭಾವನೆ.

ಆಕ್ಸೈಡು ಹೀಗೆ ಇಬ್ಬರು ಒಡೆಯರ ಸೇವೆಯನ್ನೂ ಮಾಡಬಲ್ಲುದಕ್ಕೆ ಕಾರಣವನ್ನು ಈಗ ಸುಲಭವಾಗಿ ಹೇಳಬಹುದು. ಇಂತಹ ಪದಾರ್ಥದಲ್ಲಿ ಬಿಡಿ ಎಲೆಕ್ಟ್ರಾನುಗಳು ಉಂಟು, ಆದರೆ ಲೋಹದಲ್ಲಿರುವುದರ ನೂರನೆಯ ಒಂದು ಪಾಲಿನಷ್ಟು ಮಾತ್ರ. ಅಷ್ಟು ವಿರಳವಾದ ಸಮೂಹಕ್ಕೆ ನಿಧಾನವಾಗಿ ತೂಗುವ ಅವರಕ್ತ ಕಿರಣಗಳನ್ನು ಹಿಂದಿರುಗಿಸುವ ಶಕ್ತಿಯಿದೆ. ಕಣ್ಣಿಗೆ ಕಾಣುವ ಬೆಳಕಿನ ಅತಿವೇಗದ ಆಂದೋಲನದೊಡನೆ ಹೆಜ್ಜೆಹಾಕುವ ಶಕ್ತಿಯಿಲ್ಲ. ಆದುದರಿಂದ ಬೆಳಕು ದಾಟುತ್ತದೆ, ವಿದ್ಯುತ್ತು ಹರಿಯುತ್ತದೆ.

ಬೇಡೆಕರನ ಪದರವನ್ನು ಲೋಕವು ಕಾಲು ಶತಮಾನ ಮರೆತಂತೆಯೇ ಇದ್ದಿತು. ಅದನ್ನು ಹಿಂದಕ್ಕೆ ಕರೆದದ್ದು ಗಾಜಿನ ಕಾರ್ಖಾನೆಗಳು. ಅಮೆರಿಕದ ಕಾರ್ನಿಂಗ್ ಕಂಪೆನಿಯಲ್ಲಿ 1930ರ ದಶಕದ ಮೊದಲಲ್ಲಿ ತವರದ ಆಕ್ಸೈಡನ್ನು ಗಾಜಿನ ಮೇಲೆ ಲೇಪಿಸುವ ಪ್ರಯತ್ನಗಳು ಆರಂಭವಾದುವು. ಎರಡನೆಯ ಮಹಾಯುದ್ಧ ಬಂದಾಗ ಅದಕ್ಕೆ ಒಂದು ತುರ್ತಿನ ಉಪಯೋಗ ದೊರೆಯಿತು. ಮುಗಿಲಿನ ಎತ್ತರದ ಚಳಿಯಲ್ಲಿ ಹಾರುವ ಬಾಂಬರ್ ವಿಮಾನಗಳ ಮುಂಗಾಜಿನ ಮೇಲೆ ಹಿಮ ಕಟ್ಟಿ, ಚಾಲಕನು ಕುರುಡನಾಗುತ್ತಿದ್ದನು. ಗಾಜಿಗೆ ಬಿಸಿಯೂಡಬೇಕು, ಆದರೆ ಬಿಸಿಯೂಡುವ ತಂತಿ ನೋಟಕ್ಕೆ ಅಡ್ಡವಾಗಬಾರದು. ಗಾಜನ್ನು ಕೆಂಪಗೆ ಕಾಯಿಸಿ ಅದರ ಮೇಲೆ ತವರದ ಕ್ಲೋರೈಡನ್ನು ಸಿಂಪಡಿಸಿದರೆ, ಕಾಣದ ಆಕ್ಸೈಡಿನ ಪೊರೆಯೊಂದು ಅಂಟಿಕೊಂಡು, ವಿದ್ಯುತ್ತು ಹರಿದಾಗ ಗಾಜೆಲ್ಲ ಸಮನಾಗಿ ಬೆಚ್ಚಗಾಗುತ್ತಿತ್ತು. ಪಿಟ್ಸ್‌ಬರ್ಗ್ ಪ್ಲೇಟ್ ಗ್ಲಾಸ್ ಕಂಪೆನಿಯು ಇಂತಹ ಗಾಜನ್ನು 'ನೆಸಾ' ಎಂಬ ಹೆಸರಿನಿಂದ ತಯಾರಿಸಿತು. ಲಿಬ್ಬಿ–ಓವೆನ್ಸ್–ಫೋರ್ಡ್ ಕಂಪೆನಿಯ ಹೆರಾಲ್ಡ್ ಮೆಕ್‌ಮಾಸ್ಟರನು 1942ರಲ್ಲಿ ತನ್ನ ವಿಧಾನಕ್ಕೆ ಪೇಟೆಂಟನ್ನು ಕೋರಿದನು. ಯುದ್ಧವು ಮುಗಿದ ಮೇಲೆ ಕಾರ್ನಿಂಗಿನ ಜಾನ್ ಮೋಕೆಲನು ತವರದೊಡನೆ ಇಂಡಿಯಮ್ಮನ್ನು ಬೆರೆಸಿದ ಪದರಗಳನ್ನು ಕುರಿತು ಪೇಟೆಂಟು ಪಡೆದನು.

ಇಂಡಿಯಮ್ ಎಂಬ ಹೆಸರಿನಲ್ಲಿ ನಮ್ಮ ದೇಶದ ಒಂದು ಛಾಯೆಯಿದೆ. 1863ರಲ್ಲಿ ಜರ್ಮನಿಯ ಫ್ರೈಬರ್ಗ್ ಗಣಿಶಾಲೆಯಲ್ಲಿ ಫೆರ್ಡಿನಾಂಡ್ ರೈಖ್ ಎಂಬಾತನು ಸತುವಿನ ಅದಿರನ್ನು ಶೋಧಿಸುತ್ತಿದ್ದಾಗ, ಬಣ್ಣಗಳನ್ನು ಗುರುತಿಸಲಾರದ ದೃಷ್ಟಿದೋಷ ತನಗಿದ್ದುದರಿಂದ ರೋಹಿತದರ್ಶಕದಲ್ಲಿ ನೋಡುವ ಕೆಲಸವನ್ನು ಸಹಾಯಕ ಥಿಯೋಡೋರ್ ರಿಕ್ಟರನಿಗೆ ಒಪ್ಪಿಸಿದನು; ರಿಕ್ಟರನಿಗೆ ಅಲ್ಲಿ ಹಿಂದೆಂದೂ ಯಾರೂ ಕಾಣದ ನೀಲಿಯ ಗೆರೆಯೊಂದು ಕಂಡಿತು. ಭಾರತದಿಂದ ಹೋಗಿ ಯೂರೋಪಿಗೆ ಪರಿಚಿತವಾಗಿದ್ದ 'ಇಂಡಿಗೋ' ಎಂಬ ನೀಲಿಯ ಹೆಸರನ್ನೇ ಆ ಧಾತುವಿಗೆ ಇಟ್ಟರು. ಸುಮಾರು ತೊಂಬತ್ತು ಪಾಲು ಇಂಡಿಯಮ್ ಆಕ್ಸೈಡಿಗೆ ಹತ್ತು ಪಾಲು ತವರದ ಆಕ್ಸೈಡನ್ನು ಬೆರೆಸಿದ ಮಿಶ್ರಣವೇ ಇಂದು ಐಟಿಒ ಎನಿಸಿಕೊಂಡು, ನಾವು ಬೆರಳಿಂದ ಮುಟ್ಟುವ ಬಹುಪಾಲು ಪರದೆಗಳ ಒಳಗೆ ಅಡಗಿದೆ. 1968ರಲ್ಲಿ ಅಮೆರಿಕದ ಆರ್‌ಸಿಎ ಸಂಸ್ಥೆಯು ದ್ರವಸ್ಫಟಿಕದ ಪ್ರದರ್ಶಕವನ್ನು ಲೋಕಕ್ಕೆ ತೋರಿಸಿದ ಮೇಲೆ ಐಟಿಒಗೆ ಬಂದ ಬೇಡಿಕೆ ಇಂದಿಗೂ ತಗ್ಗಿಲ್ಲ.

ಇದು ಒಂದು ಹೊಳೆ. ಇನ್ನೊಂದು ಹೊಳೆಯ ಉಗಮವು ಮಾಸ್ಕೋ ನಗರದಲ್ಲಿದೆ. 1945ರ ಆಗಸ್ಟಿನಲ್ಲಿ ಸೋವಿಯತ್ ಶಾಲಾಮಕ್ಕಳು ಅಮೆರಿಕದ ರಾಯಭಾರಿ ಅವೆರೆಲ್ ಹ್ಯಾರಿಮನ್ನರಿಗೆ, ಅಮೆರಿಕದ ರಾಜಮುದ್ರೆಯನ್ನು ಕೆತ್ತಿದ ಮರದ ಫಲಕವೊಂದನ್ನು ಸ್ನೇಹದ ಕಾಣಿಕೆಯಾಗಿ ಒಪ್ಪಿಸಿದರು. ರಾಯಭಾರಿಯ ನಿವಾಸದಲ್ಲಿ ಅದು ಏಳು ವರ್ಷ ತೂಗಾಡಿತು. ಅದರೊಳಗೆ ಬ್ಯಾಟರಿಯಿರಲಿಲ್ಲ, ಹೊರಗೆ ಹೋಗುವ ತಂತಿಯಿರಲಿಲ್ಲ. ಇದ್ದುದು ತೆಳ್ಳನೆಯ ಪೊರೆಯಿದ್ದ ಒಂದು ಲೋಹದ ಡಬ್ಬಿ ಮತ್ತು ಒಂದು ಚಿಕ್ಕ ಆಂಟೆನಾ. ಹೊರಗಿನಿಂದ ರೇಡಿಯೋ ಅಲೆಯನ್ನು ಅದರತ್ತ ಬೀರಿದಾಗ, ಕೊಠಡಿಯ ಮಾತಿಗೆ ಆ ಪೊರೆ ಕಂಪಿಸಿ, ಮರಳುವ ಅಲೆಯ ಮೇಲೆ ಆ ಮಾತನ್ನು ಬರೆದು ಕಳುಹುತ್ತಿತ್ತು. ಮುಟ್ಟದೆಯೇ ನುಡಿಸುವ ಸಂಗೀತವಾದ್ಯವೊಂದನ್ನು ಲೋಕಕ್ಕೆ ಕೊಟ್ಟಿದ್ದ ಲೆವ್ ಥೆರೆಮಿನ್ನನ ಕೈಚಳಕವದು. 1952ರಲ್ಲಿ ಗುಟ್ಟು ಬಯಲಾಯಿತು; 1960ರ ಮೇ ತಿಂಗಳಿನಲ್ಲಿ ಅಮೆರಿಕವು ಆ ಫಲಕವನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಬಿಚ್ಚಿ ತೋರಿಸಿತು. ಇದರ ನಡುವೆ, 1948ರ ಅಕ್ಟೋಬರಿನಲ್ಲಿ, ಮಾಸ್ಕೋದ ಫಲಕ ಇನ್ನೂ ಗೋಡೆಯ ಮೇಲಿದ್ದಾಗಲೇ, ಹ್ಯಾರಿ ಸ್ಟಾಕ್‌ಮನ್ ಎಂಬ ಎಂಜಿನಿಯರನು ಪ್ರತಿಫಲಿತ ಶಕ್ತಿಯಿಂದ ಸಂವಹನ ನಡೆಸುವ ಬಗೆಯನ್ನು ಕುರಿತು ಬಹಿರಂಗವಾಗಿಯೇ ಪ್ರಬಂಧವೊಂದನ್ನು ಪ್ರಕಟಿಸಿದ್ದನು. ತನ್ನದೇ ಶಕ್ತಿಯಿಲ್ಲದೆ, ಕೇಳುವವನ ಶಕ್ತಿಯನ್ನೇ ಸಾಲವಾಗಿ ಪಡೆದು ಉತ್ತರಕೊಡುವ ಈ ತತ್ತ್ವದಿಂದಲೇ ಮುಂದೆ ರೇಡಿಯೋ ಗುರುತಿನ ಟ್ಯಾಗು ಹುಟ್ಟಿತು. 1973ರಲ್ಲಿ ಮಾರಿಯೋ ಕಾರ್ಡುಲ್ಲೋ ಸ್ಮರಣಶಕ್ತಿಯುಳ್ಳ ಟ್ಯಾಗಿಗೆ ಪೇಟೆಂಟು ಪಡೆದರು. 1975ರಲ್ಲಿ ಲಾಸ್ ಅಲಮೋಸ್ ಪ್ರಯೋಗಾಲಯದವರು ದನಗಳ ಗುರುತನ್ನೂ ಮೈಯ ಬಿಸಿಯನ್ನೂ ದೂರದಿಂದಲೇ ತಿಳಿಯುವಂತಹ ಟ್ಯಾಗುಗಳನ್ನು ವಿವರಿಸಿದರು.

ಇಂದು ನಮ್ಮ ಹೆದ್ದಾರಿಗಳ ಟೋಲ್ ಗೇಟಿನಲ್ಲಿ ವಾಹನದ ಮುಂಗಾಜಿನ ಒಳಗಡೆ ಅಂಟಿಕೊಂಡಿರುವ ಫಾಸ್ಟ್ಯಾಗ್ ಚೀಟಿಯೂ, 2021ರ ಫೆಬ್ರವರಿ 16ರಿಂದ ಭಾರತದಲ್ಲಿ ನಾಲ್ಕು ಚಕ್ರದ ವಾಹನಗಳಿಗೆಲ್ಲ ಕಡ್ಡಾಯವಾದ ಆ ಚೀಟಿಯೂ, ಇದೇ ವಂಶದ್ದು. ಅದರ ಕಾಗದದ ಹಿಂದೆ ಲೋಹದ ತೆಳ್ಳನೆಯ ಆಂಟೆನಾವೂ ನಡುವೆ ಸಾಸಿವೆಯಂತಹ ಚಿಪ್ಪೂ ಇವೆ. ಇಂತಹ ಟ್ಯಾಗುಗಳು ಕೆಲಸಮಾಡುವುದು ಸುಮಾರು 860ರಿಂದ 960 ಮೆಗಾಹರ್ಟ್ಸ್ ಆವೃತ್ತಿಯಲ್ಲಿ, ಅಂದರೆ ಹರ್ಟ್ಸನ ಅಲೆಯ ಅರ್ಧದಷ್ಟು, ಒಂದು ಅಡಿಗಿಂತ ತುಸು ಹೆಚ್ಚು ಉದ್ದದ ಅಲೆಗಳಲ್ಲಿ. ಬಂದ ಅಲೆಯಿಂದ ಚಿಪ್ಪಿಗೆ ದೊರೆಯುವುದು ಕೆಲವೇ ಮೈಕ್ರೋವಾಟುಗಳ ಭಿಕ್ಷೆ. ಆಂಟೆನಾದ ಪದಾರ್ಥವೇ ಅದರಲ್ಲಿ ಪಾಲು ತಿಂದು ಬಿಸಿಯಾಗಿ ಕಳೆದುಬಿಟ್ಟರೆ ಚಿಪ್ಪು ಎಚ್ಚರಗೊಳ್ಳುವುದೇ ಇಲ್ಲ.

ಕಾಣದ ಆಂಟೆನಾವನ್ನು ಬಯಸಿದವರಿಗೆ ಎದುರಾದ ತೊಡಕು ಇದು. ಬೆರಳಿನ ಸ್ಪರ್ಶವನ್ನು ತಿಳಿಸಲು ಐಟಿಒ ಧಾರಾಳವಾಗಿ ಸಾಕು. ಆಂಟೆನಾಕ್ಕೆ ಅದು ಬಡಕಲು. ಚೌಕಾಕಾರದ ಪದರವೊಂದರ ಒಂದು ಅಂಚಿನಿಂದ ಎದುರಿನ ಅಂಚಿಗೆ ಎಷ್ಟು ರೋಧವಿದೆಯೆಂದು ಅಳೆದರೆ, ಒಳ್ಳೆಯ ಐಟಿಒ ಪದರದಲ್ಲಿ ಸುಮಾರು 10 ಓಮ್ ಇರುತ್ತದೆ. ಸಾಧಾರಣ ತಾಮ್ರದ ಹಾಳೆಯಲ್ಲಾದರೋ ಒಂದು ಓಮಿನ ಸಾವಿರದ ಒಂದು ಪಾಲು ಮಾತ್ರ. ಈ ಆವೃತ್ತಿಗಳಲ್ಲಿ ಅಲೆಯ ವಿದ್ಯುತ್ತು ತಾಮ್ರದ ಮೈಮೇಲಿನ ಎರಡು ಮೈಕ್ರೋಮೀಟರುಗಳಷ್ಟು ಆಳದಲ್ಲಿ ಓಡಾಡುತ್ತದೆ. ಪಾರದರ್ಶಕ ಪದರವೋ ಅದರ ಹತ್ತನೆಯ ಒಂದು ಪಾಲಿನಷ್ಟು ತೆಳು. ದಪ್ಪಮಾಡಿದರೆ ಬೆಳಕು ಕುಂದುತ್ತದೆ. ಮೇಲಾಗಿ ಆಕ್ಸೈಡು ಭಿದುರವಾದುದು. ಪ್ಲಾಸ್ಟಿಕ್ಕಿನ ಮೇಲೆ ಕೂಡಿಸಿ ನೂರಕ್ಕೆ ಒಂದೆರಡು ಪಾಲು ಹಿಗ್ಗಿಸಿದರೂ ಸೀಳುಬಿಟ್ಟು ದಾರಿ ತುಂಡಾಗುತ್ತದೆ. ಬಟ್ಟೆಗೆ, ಔಷಧದ ಸೀಸೆಗೆ, ಪುಸ್ತಕದ ರಟ್ಟಿಗೆ ಅಂಟಿಸಬೇಕಾದ ಟ್ಯಾಗಿಗೆ ಈ ಗುಣವು ಸಲ್ಲದು.

1997ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಲೂಯಿಸ್ ಸಂಶೋಧನಾ ಕೇಂದ್ರದ ರೈನೀ ಸೈಮನ್ಸ್ ಮತ್ತು ರಿಚರ್ಡ್ ಲೀ ಎಂಬುವರು, ಪಾಲಿಯೆಸ್ಟರಿನ ಹಾಳೆಯ ಮೇಲೆ ಬೆಳ್ಳಿಯನ್ನು ಅತಿ ತೆಳುವಾಗಿ ಲೇಪಿಸಿದ ಪಾರದರ್ಶಕ ಪೊರೆಯಿಂದ ಆಂಟೆನಾವನ್ನು ಕತ್ತರಿಸಿ, ಅದು ಕೆಲಸಮಾಡುವುದೆಂದು ತೋರಿಸಿದರು. ಇವರಲ್ಲಿ ಸೈಮನ್ಸರು 1972ರಲ್ಲಿ ನಮ್ಮ ಮೈಸೂರು ವಿಶ್ವವಿದ್ಯಾನಿಲಯದಿಂದಲೇ ಎಂಜಿನಿಯರಿಂಗ್ ಪದವಿಯನ್ನು ಪಡೆದವರೆಂಬುದನ್ನು ಕನ್ನಡಿಗರು ಸಂತೋಷದಿಂದ ನೆನೆಯಬಹುದು. ಆ ಆಂಟೆನಾ ತಾಮ್ರದ್ದಕ್ಕೆ ಸಮನಲ್ಲ; ಆದರೆ ಕೃತಕ ಉಪಗ್ರಹದ ಸೌರಫಲಕದ ಮೇಲೆಯೋ ವಾಹನದ ಗಾಜಿನ ಮೇಲೆಯೋ ಬೆಳಕಿಗೆ ತಡೆಯಾಗದ ಆಂಟೆನಾವನ್ನು ಕಲ್ಪಿಸಿಕೊಳ್ಳಲು ಆ ಪ್ರಯೋಗವು ಒಂದು ನೆಲೆಯನ್ನು ಒದಗಿಸಿತು.

ಮುಂದಿನ ಎರಡು ದಶಕಗಳಲ್ಲಿ ಹೊಸ ಪದಾರ್ಥಗಳ ಮೆರವಣಿಗೆಯೇ ಹೊರಟಿತು. ವಿದ್ಯುತ್ತನ್ನು ಹರಿಯಿಸುವ ಪ್ಲಾಸ್ಟಿಕ್ಕನ್ನು 1977ರಲ್ಲಿಯೇ ಕಂಡುಹಿಡಿದಿದ್ದ ಶಿರಕಾವ, ಮ್ಯಾಕ್‌ಡಯರ್ಮಿಡ್ ಮತ್ತು ಹೀಗರ್ ಅವರಿಗೆ 2000ದಲ್ಲಿ ನೊಬೆಲ್ ಪಾರಿತೋಷಕ ಬಂದಿತು. 2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಬೇರ್ಪಡಿಸಲಾದ ಗ್ರಾಫೀನ್, ಒಂದೇ ಪರಮಾಣುವಿನ ದಪ್ಪವುಳ್ಳದ್ದಾಗಿ, ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 2.3 ಪಾಲನ್ನು ಮಾತ್ರ ಹೀರುವುದೆಂದು ತಿಳಿದುಬಂದಿತು. 2010ರಲ್ಲಿ ದಕ್ಷಿಣ ಕೊರಿಯದವರು 30 ಅಂಗುಲದ ಗ್ರಾಫೀನ್ ಹಾಳೆಯನ್ನು ಉರುಳೆಗಳ ನಡುವೆ ಹಾಯಿಸಿ ತೆಗೆದರು. 2018ರಲ್ಲಿ ಫಿಲಡೆಲ್ಫಿಯದ ಡ್ರೆಕ್ಸೆಲ್ ವಿಶ್ವವಿದ್ಯಾನಿಲಯದ ಯೂರಿ ಗೊಗೊತ್ಸಿ ಮತ್ತು ಸಂಗಡಿಗರು, ಮ್ಯಾಕ್ಸೀನ್ ಎಂಬ ಟೈಟೇನಿಯಮ್ ಕಾರ್ಬೈಡಿನ ಪದರಗಳನ್ನು ನೀರಿನಲ್ಲಿ ಕದಡಿ, ಗೋಡೆಗೆ ಬಣ್ಣವೆರಚಿದಂತೆ ಹಾಳೆಯ ಮೇಲೆ ಎರಚಿ ಆಂಟೆನಾ ಮಾಡಿದರು; ಅವರ ಒಂದು ಮೈಕ್ರೋಮೀಟರು ದಪ್ಪದ ಗುರುತಿನ ಟ್ಯಾಗನ್ನು 860 ಮೆಗಾಹರ್ಟ್ಸಿನಲ್ಲಿ ಎಂಟು ಮೀಟರು ದೂರದಿಂದ ಓದಲು ಸಾಧ್ಯವಾಯಿತು. ಕೇವಲ 62 ನ್ಯಾನೋಮೀಟರು ದಪ್ಪದಲ್ಲಿಯೂ ಆಂಟೆನಾ ಉಸಿರಾಡಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಎಂಟು ಮೀಟರಿನ ಆ ಟ್ಯಾಗಿನ ಆಚೆಗೆ ಏನೂ ಕಾಣದು, ಆಚೆಗೆ ಕಾಣುವಷ್ಟು ತೆಳುವಾದದ್ದರಲ್ಲಿ ದಪ್ಪ ಪದರದ ಬಲವಿಲ್ಲ. ಫ್ಯಾರಡೆಯ ಚಿನ್ನದ ರೇಕಿನ ಸಂಕಟವೇ ಹೊಸ ಹೆಸರಿನಲ್ಲಿ ಮರಳಿ ಬಂದಿದ್ದಿತು.

ಇಲ್ಲಿ ನಾವು ಹರ್ಟ್ಸನ ಚೌಕಟ್ಟಿಗೆ ಹಿಂದಿರುಗಬೇಕು. ಬೆಳಕಿನ ತರಂಗದೂರ ಅರ್ಧ ಮೈಕ್ರೋಮೀಟರು; ಟ್ಯಾಗಿನ ಅಲೆಯದು 33 ಸೆಂಟಿಮೀಟರು. ಒಂದಕ್ಕಿಂತ ಇನ್ನೊಂದು ಆರು ಲಕ್ಷಕ್ಕೂ ಹೆಚ್ಚು ಪಾಲು ದೊಡ್ಡದು. ಈ ಎರಡರ ನಡುವೆ ಅಷ್ಟು ವಿಶಾಲವಾದ ಬಯಲಿರುವಾಗ, ಒಂದೇ ಪದಾರ್ಥವು ಎರಡಕ್ಕೂ ಬೇರೆ ಬೇರೆಯಾಗಿ ವರ್ತಿಸಬೇಕೆಂದು ಹಠಹಿಡಿಯುವುದೇಕೆ? ಒಳ್ಳೆಯ ಲೋಹವನ್ನೇ ತೆಗೆದುಕೊಂಡು, ಕಣ್ಣಿಗೆ ನಿಲುಕದಷ್ಟು ಸಣ್ಣ ಎಳೆಗಳ ಬಲೆಯಾಗಿ ನೇಯ್ದರೆ, ಬೆಳಕು ಕಂಡಿಗಳಲ್ಲಿ ಹಾಯುತ್ತದೆ. ಕಂಡಿಗಳ ಗಾತ್ರ ಅಲೆಗೆ ಏನೇನೂ ಅಲ್ಲವಾದುದರಿಂದ ಅದಕ್ಕೆ ಕಾಣುವುದು ಇಡಿಯ ತಗಡೇ. ಎಳೆಗಳು ದಪ್ಪವಾಗಿರಬಹುದು, ಬಾಗಿದರೆ ಮುರಿಯದಿರಬಹುದು. ಪದಾರ್ಥದೊಳಗೆ ಹುಡುಕುತ್ತಿದ್ದ ಉತ್ತರವು ಆಕಾರದಲ್ಲಿದ್ದಿತು. ಇಂದು ಪಾರದರ್ಶಕ ಆಂಟೆನಾಗಳನ್ನು ಮಾಡುವವರಲ್ಲಿ ಅನೇಕರು ಲೋಹದ ಬಲೆಯನ್ನು ಆಶ್ರಯಿಸಿರುವುದಕ್ಕೆ ಇದೇ ಕಾರಣ, ಮತ್ತು ನನ್ನ ಬುದ್ಧಿಗೆ ತೋರುವ ಮಟ್ಟಿಗೆ ಅವರ ಆಯ್ಕೆಯೇ ಸರಿಯಾದುದು.

ಉಳಿದ ಕಷ್ಟವು ಬಲೆಯನ್ನು ನೇಯುವುದರಲ್ಲಿದೆ. ಕೂದಲೆಳೆಗಿಂತ ಹತ್ತಾರು ಪಾಲು ಸಣ್ಣ ಗೆರೆಗಳನ್ನು ಕಿಟಕಿಯಗಲದ ಹಾಳೆಯ ಮೇಲೆ ಎಳೆಯಲು ಬೇಕಾಗುವ ಯಂತ್ರಗಳು ಅತ್ಯಂತ ದುಬಾರಿಯಾದುವು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊಫೆಸರ್ ಜಿ. ಯು. ಕುಲಕರ್ಣಿಯವರೂ ಅವರ ಶಿಷ್ಯರೂ ಈ ಕೆಲಸವನ್ನು ಪ್ರಕೃತಿಗೇ ಒಪ್ಪಿಸಿದರು. ಬೇಸಗೆಯಲ್ಲಿ ನೀರಾರಿದ ಕೆರೆಯಂಗಳದ ಕೆಸರು ಬಿರುಕುಬಿಡುವುದನ್ನು ನಾವೆಲ್ಲರೂ ಕಂಡಿದ್ದೇವೆ; ಒಂದು ಬಿರುಕು ಓಡಿ ಇನ್ನೊಂದನ್ನು ಸೇರಿ, ಅದು ಮತ್ತೊಂದನ್ನು ಸೇರಿ, ಕಡೆಗೆ ಕೆರೆಯಂಗಳವೆಲ್ಲ ಒಂದೇ ಜಾಲವಾಗುತ್ತದೆ. 2014ರ ಸುಮಾರಿಗೆ ಪ್ರಕಟವಾದ ಅವರ ಪ್ರಬಂಧಗಳಲ್ಲಿ ವಿವರಿಸಿರುವ ವಿಧಾನವು ಇದನ್ನೇ ಗಾಜಿನ ಮೇಲೆ ಆಗಮಾಡಿಸುತ್ತದೆ. ಆರುವಾಗ ಬಿರುಕುಬಿಡುವ ದ್ರವವೊಂದನ್ನು, ಹೆಂಗಸರು ಅಲಂಕಾರಕ್ಕಾಗಿ ಉಗುರಿಗೆ ಹಚ್ಚುವ, ಬಿರುಕಿನ ಚಿತ್ತಾರ ಮೂಡಿಸುವ ಬಣ್ಣವನ್ನೇ, ಅವರು ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಹಾಳೆಯ ಮೇಲೆ ತೆಳುವಾಗಿ ಹರಡಿದರು. ಅದು ಆರಿ, ಹಾಳೆಯ ಮೈ ಕಾಣುವಷ್ಟು ಆಳಕ್ಕೆ ಸೀಳಿದ ಮೇಲೆ, ನಿರ್ವಾತದಲ್ಲಿ ಲೋಹದ ಆವಿಯನ್ನು ಅದರ ಮೇಲೆ ಕೂಡಿಸಿದರು. ಅನಂತರ ಬಣ್ಣವನ್ನು ತೊಳೆದುಬಿಟ್ಟರೆ, ಬಣ್ಣದ ಮೇಲೆ ಕುಳಿತ ಲೋಹವೆಲ್ಲ ಅದರೊಡನೆ ಹೋಗಿ, ಬಿರುಕುಗಳ ತಳದಲ್ಲಿ ಕುಳಿತದ್ದು ಮಾತ್ರ ಕೆಲವೇ ಮೈಕ್ರೋಮೀಟರು ಅಗಲದ ಎಳೆಗಳ ಜಾಲವಾಗಿ ಉಳಿಯುತ್ತದೆ. ಹರ್ಟ್ಸನ ತಂತಿಗಳು ಒಂದೇ ದಿಕ್ಕಿಗೆ ಮುಖಮಾಡಿದ್ದುವು, ಆದುದರಿಂದ ಅವನು ಚೌಕಟ್ಟನ್ನು ಹೊರಳಿಸಬೇಕಾಯಿತು. ಬಿರುಕಿಗೆ ದಿಕ್ಕಿನ ಹಂಗಿಲ್ಲ, ಆದುದರಿಂದ ಈ ಜಾಲವು ಅಲೆಯು ಹೇಗೆ ತೂಗುತ್ತ ಬಂದರೂ ಒಂದೇ ತೆರನಾಗಿ ಎದುರುಗೊಳ್ಳುತ್ತದೆ.

ಆ ಪ್ರಯೋಗಾಲಯದವರು ಇಂತಹ ಜಾಲವನ್ನು ಸೌರಕೋಶಗಳಿಗೆ ಉಪಯೋಗಿಸಿದರು. ಬಣ್ಣವನ್ನು ಸಿಂಪಡಿಸುವುದರಿಂದ ಬಾಗಿದ ಮೈಗಳ ಮೇಲೆಯೂ ಅದನ್ನು ಮೂಡಿಸಿದರು. ವಿದ್ಯುತ್ತನ್ನು ಹರಿಸಿ, ಹಿಂದೆ ಬಾಂಬರ್ ವಿಮಾನದ ಗಾಜು ಬೆಚ್ಚಗಾದಂತೆಯೇ, ಅದನ್ನೂ ಬೆಚ್ಚಗಾಗಿಸಿದರು. ತೊಳೆದು ಒಣಗಿಸಿದ ಹಾಳೆಯನ್ನು ಕಿಟಕಿಗೆ ಹಿಡಿದರೆ ಹೊರಗಿನ ಮರಗಿಡಗಳು ಮೊದಲಿದ್ದಂತೆಯೇ ತೋರುತ್ತವೆ. ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಬೇಸಗೆಯ ಕೆರೆಯಂಗಳವು ತಾಮ್ರದಲ್ಲಿಯೋ ಬೆಳ್ಳಿಯಲ್ಲಿಯೋ ಎರಕಹೊಯ್ದಂತೆ ಅಲ್ಲಿ ಹರಡಿಕೊಂಡಿರುತ್ತದೆ.